ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣದ ವೃತ್ತಿಗೆ ತಯಾರಾಗುವುದು ಹೇಗೆ?

ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು, ಮದುವೆಯಾಗಿ ಎಂಟು ಹತ್ತು ವರ್ಷ ಮನೆಯನ್ನೇ ನೋಡಿಕೊಂಡು ಈಗ ದುಡಿಯಲು ಹೊರಟ ತಾಯಂದಿರು, ಖಾಸಗಿ ಶಾಲೆಯ ಎಲ್‌ಕೆಜಿಯಲ್ಲಿ ಯಾವ ತರಬೇತಿಯೂ ಇಲ್ಲದೆ ಪಾಠ ಮಾಡಿ ದಣಿದವರು, ಎಲ್ಲರೂ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ‘ಯಾವ ಕೋರ್ಸ್ ಸೇರಲಿ?’ ಕೋರ್ಸಿನ ಹೆಸರು ಹೇಳುವ ಮೊದಲು ಅವರಿಗೆ ನಾನು ಹೇಳುವುದು ಇಷ್ಟು. ಆ ಕೋರ್ಸಿನವರು ನಿಮ್ಮನ್ನು ಎಷ್ಟು ದಿನ ಮಕ್ಕಳ ನಡುವೆ ಕೂರಿಸುತ್ತಾರೆ ಎಂದು ಮೊದಲು ವಿಚಾರಿಸಿಕೊಂಡು ಬನ್ನಿ. ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳ ಕೆಲಸದಲ್ಲಿ ಪುಸ್ತಕದಿಂದ ಕಲಿಯಬಹುದಾದದ್ದು ಬಹಳವಿದೆ, ಆದರೆ ಆ ಓದು ಪ್ರಯೋಜನಕ್ಕೆ ಬರುವುದು ಕಣ್ಣು ಮತ್ತು ಕೈ ಪಳಗಿದ ಮೇಲೆ. ಅವು ಪಳಗುವುದು ಮಕ್ಕಳ ಜೊತೆಯಲ್ಲಿ ಮಾತ್ರ.

ಆದ್ದರಿಂದ ಶುಲ್ಕ ಕಟ್ಟುವ ಮೊದಲು ಹತ್ತು ದಿನ ನಿಮ್ಮೂರಿನ ಅಥವಾ ನಿಮ್ಮ ವಾರ್ಡಿನ ಅಂಗನವಾಡಿಗೆ ಹೋಗಿ ಕುಳಿತುಕೊಳ್ಳಿ. ಕಾರ್ಯಕರ್ತೆಯ ಒಪ್ಪಿಗೆ ಪಡೆದು, ಅವರ ಮೂಲಕ ಮೇಲ್ವಿಚಾರಕಿಗೂ ತಿಳಿಸಿ ಹೋಗುವುದು ಕ್ರಮ. ಅಲ್ಲಿ ಪಾಠ ಹೇಳಲು ಹೋಗಬೇಡಿ. ಒಂದು ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತು, ದಿನಕ್ಕೊಂದು ಮಗುವನ್ನು ಆರಿಸಿಕೊಂಡು, ಆ ಮಗು ಏನು ಮಾಡಿತು, ಏನು ಹೇಳಿತು ಎಂಬುದನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಈ ಬರವಣಿಗೆ ಕಾಣುವಷ್ಟು ಸುಲಭವಲ್ಲ. ನಾನು ತರಬೇತಿ ನೀಡಿದ ಗುಂಪುಗಳಲ್ಲಿ ಮೊದಲ ದಿನದ ಪುಟಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತಿದ್ದವು: ‘ಮಗು ಹಟಮಾರಿ, ಊಟ ಮಾಡುವುದಿಲ್ಲ.’ ಇದು ತೀರ್ಪು, ನೋಟವಲ್ಲ. ಅದೇ ಮಗುವನ್ನು ಮರುದಿನ ಮತ್ತೆ ನೋಡಿ ಬರೆಯಲು ಹೇಳಿದಾಗ ಒಬ್ಬಾಕೆ ಹೀಗೆ ಬರೆದು ತಂದಳು: ‘ತಟ್ಟೆ ಮುಂದಿಟ್ಟ ಕೂಡಲೇ ತಳ್ಳಿದ. ಸಹಾಯಕಿ ಅನ್ನ ಸಾರು ಕಲಸಿ ತುತ್ತು ಕೊಡಲು ಹೋದಾಗ ಬಾಯಿ ಮುಚ್ಚಿಕೊಂಡ. ಮೊಟ್ಟೆಯನ್ನು ಕೈಯಲ್ಲಿ ಕೊಟ್ಟಾಗ ತಾನೇ ಹಿಡಿದು ಪೂರ್ತಿ ತಿಂದ. ಆಮೇಲೆ ಪಕ್ಕದವಳ ತಟ್ಟೆಯಿಂದ ಅನ್ನವನ್ನು ಬೆರಳಲ್ಲಿ ತೆಗೆದು ತಿಂದ.’ ಈ ನಾಲ್ಕು ಸಾಲು ಓದಿದವರಿಗೆ ಯಾರೂ ವಿವರಿಸಬೇಕಿಲ್ಲ. ಅವನಿಗೆ ಹಸಿವೂ ಇದೆ, ತಿನ್ನುವ ಮನಸ್ಸೂ ಇದೆ, ಬೇಕಾಗಿರುವುದು ತಾನೇ ತಿನ್ನುವ ಅವಕಾಶ. ಮರುದಿನದಿಂದ ಅನ್ನವನ್ನು ಕಲಸದೆ ಅವನ ತಟ್ಟೆಗೆ ಹಾಕಿದರೆ ಸಾಕು. ಇಂಥ ನಾಲ್ಕು ಸಾಲು ಬರೆಯಬಲ್ಲವರು ಈ ವೃತ್ತಿಯ ಅರ್ಧ ತರಬೇತಿಯನ್ನು ಮುಗಿಸಿದಂತೆ ಎಂದು ನಾನು ನಂಬಿದ್ದೇನೆ. ಹತ್ತು ದಿನ ಕಳೆದ ಮೇಲೂ ಮಕ್ಕಳ ಗದ್ದಲ, ಸುರಿಯುವ ಮೂಗು, ಒದ್ದೆಯಾದ ಚಡ್ಡಿ ನಿಮಗೆ ಹೇಸಿಗೆಯೆನಿಸದೆ, ಹನ್ನೊಂದನೆಯ ದಿನವೂ ಹೋಗಬೇಕೆನಿಸಿದರೆ ಮುಂದುವರಿಯಿರಿ.

ಎಲ್ಲಿ, ಯಾವ ತರಬೇತಿ?

ಕರ್ನಾಟಕದಲ್ಲಿ ಈ ವೃತ್ತಿಯ ಅತಿ ದೊಡ್ಡ ಬಾಗಿಲು ಅಂಗನವಾಡಿಯೇ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಇಂದಿನವರೆಗೆ ಈ ಕೆಲಸಕ್ಕೆ ಸೇರುವವರು ಆಯಾ ಊರಿನ ಮಹಿಳೆಯರೇ. ಈಗಿನ ಮಾರ್ಗಸೂಚಿಯಂತೆ ಕಾರ್ಯಕರ್ತೆಯ ಹುದ್ದೆಗೆ ಪಿಯುಸಿ, ಸಹಾಯಕಿಯ ಹುದ್ದೆಗೆ ಎಸ್‌ಎಸ್‌ಎಲ್‌ಸಿ ತೇರ್ಗಡೆಯಾಗಿರಬೇಕು, ವಯಸ್ಸು 35 ಮೀರಿರಬಾರದು. ಖಾಲಿ ಇರುವ ಕೇಂದ್ರಗಳ ಪಟ್ಟಿಯೊಂದಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಪ್ರಕಟಣೆ ಹೊರಡಿಸುತ್ತದೆ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ, ಅಂದರೆ ಎಲ್ಲರೂ ಸಿಡಿಪಿಓ ಆಫೀಸು ಎನ್ನುವಲ್ಲಿ, ಆಗಾಗ ವಿಚಾರಿಸುತ್ತಿರಬೇಕು. ವಾಸಸ್ಥಳದ ದೃಢೀಕರಣ ಪತ್ರವನ್ನು ಪ್ರಕಟಣೆ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿ, ಏಕೆಂದರೆ ಅರ್ಜಿ ಹಾಕುವ ಕೊನೆಯ ವಾರದಲ್ಲಿ ನಾಡಕಚೇರಿಗೆ ಓಡಾಡಿ ಅವಕಾಶ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಆಯ್ಕೆಯಾದ ಮೇಲೆ ಇಲಾಖೆಯೇ ತರಬೇತಿ ನೀಡುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮದಡಿ ಈ ತರಬೇತಿಯಲ್ಲಿ ಆಹಾರದಷ್ಟೇ ಒತ್ತು ಕಲಿಕೆಗೂ ಸಿಕ್ಕಿದೆ. ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ‘ಆಧಾರಶಿಲಾ’ ಪಠ್ಯಕ್ರಮವೂ, ಹುಟ್ಟಿನಿಂದ ಮೂರು ವರ್ಷದವರಿಗಾಗಿ ‘ನವಚೇತನ’ ಎಂಬ ಚೌಕಟ್ಟೂ ಬಂದಿವೆ. ನಮ್ಮ ರಾಜ್ಯದ ಅಂಗನವಾಡಿಗಳು ಬಳಸುತ್ತ ಬಂದ ‘ಚಿಲಿಪಿಲಿ’ ಚಟುವಟಿಕೆ ಪುಸ್ತಕವಂತೂ ಯಾವ ಕೋರ್ಸಿಗೆ ಸೇರುವವರಿಗೂ ಉಪಯುಕ್ತ. ಹತ್ತು ದಿನದ ವೀಕ್ಷಣೆಗೆ ಹೋದಾಗ ಅದನ್ನು ಕೇಳಿ ಪಡೆದು ಓದಿ.

ಖಾಸಗಿ ಪೂರ್ವ ಪ್ರಾಥಮಿಕ ಶಾಲೆಗಳಲ್ಲಿ ಅಥವಾ ಸರ್ಕಾರಿ ಶಾಲೆಗಳಲ್ಲಿ ತೆರೆದಿರುವ ಎಲ್‌ಕೆಜಿ, ಯುಕೆಜಿ ತರಗತಿಗಳಲ್ಲಿ ಕೆಲಸ ಮಾಡಬಯಸುವವರು, ಹಾಗೆಯೇ ಅಂಗನವಾಡಿಯ ಹುದ್ದೆ ಪಡೆಯಲಾಗದ ಗಂಡುಮಕ್ಕಳು, ಬೇರೆ ದಾರಿ ನೋಡಬೇಕು. (ಈ ವೃತ್ತಿಗೆ ಗಂಡಸರೂ ಬರಬೇಕೆಂಬುದು ನನ್ನ ಬಹುಕಾಲದ ಆಸೆ. ಅಪ್ಪಂದಿರು ದುಡಿಯಲು ದೂರದೂರಿಗೆ ಹೋಗಿರುವ ಮನೆಗಳ ಮಕ್ಕಳಿಗೆ ಅದರಿಂದ ಆಗುವ ಒಳಿತು ಸಣ್ಣದಲ್ಲ.) ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಮಾನ್ಯ ಮಾಡಿರುವುದು ಶಾಲಾಪೂರ್ವ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾವನ್ನು. ಅದಕ್ಕೆ ಪಿಯುಸಿಯಲ್ಲಿ ಶೇ. 50 ಅಂಕ ಇರಬೇಕು. ಮನೆಯಿಂದಲೇ ಓದಬೇಕಾದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಶಿಶು ಆರೈಕೆ ಮತ್ತು ಶಿಕ್ಷಣ ಡಿಪ್ಲೊಮಾ ಇದೆ. ಇದು ಪಿಯುಸಿ ನಂತರದ ಒಂದು ವರ್ಷದ ಕೋರ್ಸ್. ಶಿಶು ಆರೈಕೆ ಸೇವೆಗಳ ಸಂಘಟನೆ, ಆರೋಗ್ಯ ಮತ್ತು ಪೋಷಣೆ, ಮಕ್ಕಳಿಗಾಗಿರುವ ಸೇವೆಗಳು ಎಂಬ ಓದಿನ ಜೊತೆಗೆ ಪ್ರಾಜೆಕ್ಟ್ ಕೆಲಸವೂ ಕಡ್ಡಾಯವಾಗಿರುವುದರಿಂದ ನಾನು ಇದನ್ನು ಧೈರ್ಯವಾಗಿ ಸೂಚಿಸುತ್ತೇನೆ.

ವಿಶೇಷವಾಗಿ ರೂಪಿಸಿದ ಸಾಮಗ್ರಿಗಳನ್ನು ಮಗು ತಾನೇ ಕೈಯಾಡಿಸಿ ಕಲಿಯುವ ಮಾಂಟೆಸ್ಸರಿ ಪದ್ಧತಿಯ ತರಬೇತಿಯ ವಿಷಯವೇ ಬೇರೆ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ, ಈ ಪದ್ಧತಿಯನ್ನು ರೂಪಿಸಿದ ಇಟಲಿಯ ಮರಿಯಾ ಮಾಂಟೆಸ್ಸರಿಯವರು ಮಹಾಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದರು. ಆ ಪರಂಪರೆಯ ತರಬೇತಿ ಬೆಂಗಳೂರಿನಲ್ಲಿ ಇಂದಿಗೂ ಲಭ್ಯವಿದೆ. ಒಂದರ ಮೇಲೊಂದು ಪೇರಿಸುವ ಮರದ ಘನಗಳ ಗುಲಾಬಿ ಗೋಪುರದಿಂದ ಹಿಡಿದು ಮರಳುಕಾಗದದ ಅಕ್ಷರಗಳವರೆಗೆ ಒಂದೊಂದು ಸಾಮಗ್ರಿಯನ್ನೂ ಮಗುವಿನ ಮುಂದೆ ಹೇಗೆ ಇಡಬೇಕು, ಯಾವ ಕೈಯಿಂದ ಎತ್ತಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅಲ್ಲಿ ಪದೇ ಪದೇ ಅಭ್ಯಾಸ ಮಾಡಿಸುತ್ತಾರೆ. ಕಲಿಯುವವರು ಪ್ರತಿ ಸಾಮಗ್ರಿಯ ಬಗ್ಗೆ ತಾವೇ ಚಿತ್ರ ಸಹಿತ ‘ಆಲ್ಬಂ’ ತಯಾರಿಸಬೇಕಾಗುತ್ತದೆ. ಆದರೆ ಮಾಂಟೆಸ್ಸರಿ ಎಂಬ ಹೆಸರನ್ನು ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಬಹುದು ಎಂಬುದನ್ನು ಮರೆಯಬೇಡಿ. ಸೇರುವ ಮೊದಲು ಸಾಮಗ್ರಿಗಳಿರುವ ಕೋಣೆಯನ್ನು ತೋರಿಸಲು ಕೇಳಿ. ಬೀರುವಿಗೆ ಬೀಗ ಹಾಕಿದ್ದರೆ, ಸಾಮಗ್ರಿಗಳ ಮೇಲೆ ಧೂಳು ಕುಳಿತಿದ್ದರೆ, ಅಲ್ಲಿಂದ ಹೊರಟುಬಿಡಿ.

ಇದೇ ಎಚ್ಚರ ಎನ್‌ಟಿಟಿ ಎಂಬ ನರ್ಸರಿ ಶಿಕ್ಷಕಿಯರ ತರಬೇತಿಗೂ ಬೇಕು. ಪಟ್ಟಣದ ಬಸ್‌ ನಿಲ್ದಾಣದ ಗೋಡೆಗಳಲ್ಲಿ ಇದರ ಜಾಹೀರಾತು ಕಾಣದ ಊರಿಲ್ಲ. ಇವುಗಳಲ್ಲಿ ಶ್ರದ್ಧೆಯಿಂದ ಕಲಿಸುವ ಸಂಸ್ಥೆಗಳಿವೆ, ಆದರೆ ಬಹಳಷ್ಟಕ್ಕೆ ಎನ್‌ಸಿಟಿಇ ಮಾನ್ಯತೆ ಇರುವುದಿಲ್ಲ. ಮಾನ್ಯತೆ ಇಲ್ಲದ ಸರ್ಟಿಫಿಕೇಟ್ ಖಾಸಗಿ ಶಾಲೆಯಲ್ಲಿ ನಡೆಯಬಹುದು, ಸರ್ಕಾರಿ ನೇಮಕಾತಿಯಲ್ಲಿ ನಡೆಯದೇ ಹೋಗಬಹುದು. ಹೀಗಾಗಿ ಮಾನ್ಯತೆಯ ಆದೇಶದ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡಿ, ಎನ್‌ಸಿಟಿಇ ಜಾಲತಾಣದಲ್ಲಿರುವ ಸಂಸ್ಥೆಗಳ ಪಟ್ಟಿಯೊಂದಿಗೆ ಹೋಲಿಸಿದ ನಂತರವೇ ಹಣ ಕಟ್ಟಿ. ನನ್ನ ಪರಿಚಯದ ಹುಡುಗಿಯೊಬ್ಬಳು ಕಿವಿಯ ಓಲೆ ಅಡವಿಟ್ಟು ಇಂಥ ಕೋರ್ಸೊಂದಕ್ಕೆ ಸೇರಿದ್ದಳು. ಇಡೀ ವರ್ಷದಲ್ಲಿ ಅವಳನ್ನು ಒಂದು ದಿನವೂ ಮಕ್ಕಳಿರುವ ಕೋಣೆಗೆ ಕಳಿಸಲಿಲ್ಲ. ಥರ್ಮೋಕೋಲಿನಲ್ಲಿ ಮಾಡಿದ ಹಣ್ಣು ತರಕಾರಿಗಳಷ್ಟೇ ಅವಳ ಪ್ರಾಯೋಗಿಕ ಪರೀಕ್ಷೆಯಾಗಿತ್ತು.

ಪದವಿಯ ಮಟ್ಟದಲ್ಲಿ ಓದಬೇಕೆನ್ನುವ, ವಿಜ್ಞಾನ ವಿಷಯದ ಹಿನ್ನೆಲೆಯುಳ್ಳ ವಿದ್ಯಾರ್ಥಿಗಳಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿಯ ಗಟ್ಟಿಯಾದ ಓದು ಸಿಗುತ್ತದೆ. ಸಮುದಾಯ ವಿಜ್ಞಾನವನ್ನೇ ಹಿಂದೆ ಗೃಹವಿಜ್ಞಾನ ಎನ್ನುತ್ತಿದ್ದರು. ಇನ್ನು ಮೂರು ವರ್ಷದೊಳಗಿನ ಕೂಸುಗಳ ಆರೈಕೆಯೇ ನಿಮಗಿಷ್ಟವಾದರೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ಗಳಿವೆ. ಜಾಬ್ ಕಾರ್ಡ್ ಇರುವ ಸ್ಥಳೀಯ ಮಹಿಳೆಯರನ್ನೇ ಆಯ್ದು, ತರಬೇತಿ ಕೊಟ್ಟು ಅಲ್ಲಿ ಆರೈಕೆದಾರರನ್ನಾಗಿ ನೇಮಿಸುತ್ತಾರೆ. ನಗರಗಳಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸುವುದು ಕಡ್ಡಾಯವಾಗಿರುವುದರಿಂದ ಅಲ್ಲಿಯೂ ತರಬೇತಿ ಪಡೆದವರಿಗೆ ಕೆಲಸವಿದೆ.

ತರಬೇತಿಯಲ್ಲಿ ನಿಜಕ್ಕೂ ಕಲಿಯಬೇಕಾದದ್ದು

ಯಾವ ಬಾಗಿಲಿನಿಂದ ಒಳಗೆ ಹೋದರೂ ಒಳಗೆ ಕಲಿಯಬೇಕಾದ ವಿದ್ಯೆ ಒಂದೇ. ಮೊದಲನೆಯದಾಗಿ, ಮಗುವಿನ ಬೆಳವಣಿಗೆಯ ಕ್ರಮ ನಿಮಗೆ ಬಾಯಿಪಾಠವಾಗಿರುವುದಕ್ಕಿಂತ ಕಣ್ಣಿಗೆ ಪರಿಚಯವಾಗಿರಬೇಕು. ಬೆರಳುಗಳಿಗೆ ಪೆನ್ಸಿಲ್ ಹಿಡಿಯುವ ಬಲ ಬರುವ ಮೊದಲು ಮಗು ಮಣ್ಣು ಕಲಸಬೇಕು, ಚಪಾತಿ ಹಿಟ್ಟು ನಾದಬೇಕು, ಅಂಗಿಯ ಗುಂಡಿ ಹಾಕಬೇಕು, ಬಟ್ಟೆ ಹಿಂಡಬೇಕು. ಇದನ್ನು ತಿಳಿಯದವರು ಮೂರು ವರ್ಷದ ಮಗುವಿನ ಕೈ ಹಿಡಿದು ಸ್ಲೇಟಿನ ಮೇಲೆ ‘ಅ’ ತಿದ್ದಿಸುತ್ತಾರೆ, ಮತ್ತು ತಿದ್ದಲಾಗದ ಮಗುವನ್ನು ದಡ್ಡ ಎನ್ನುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವಾಗಿ ನೋಡಿರುವುದರ ಹಿಂದೆ ಇರುವುದೂ ಈ ತಿಳಿವಳಿಕೆಯೇ: ಆಟದಿಂದ ಅಕ್ಷರದ ಕಡೆಗಿನ ನಡಿಗೆಗೆ ವರ್ಷಗಳು ಬೇಕು, ಆತುರ ಸಲ್ಲದು.

ಎರಡನೆಯದು, ಮಾತು. ಬಳ್ಳಾರಿಯ ತಾಂಡಾದಿಂದ ಬಂದ ಮಗು ಲಂಬಾಣಿ ಮಾತನಾಡುತ್ತದೆ, ಪುತ್ತೂರಿನ ಮಗು ತುಳು, ಕಾರವಾರದ್ದು ಕೊಂಕಣಿ, ಬೀದರಿನದು ಉರ್ದುವೋ ಮರಾಠಿಯೋ ಇರಬಹುದು. ಮಗು ಮನೆಮಾತಿನಲ್ಲಿ ನೀರು ಕೇಳಿದಾಗ ‘ಕನ್ನಡದಲ್ಲಿ ಹೇಳು’ ಎಂದು ತಡೆದರೆ ಅದು ಕನ್ನಡ ಕಲಿಯುವುದಿಲ್ಲ, ನೀರು ಕೇಳುವುದನ್ನೇ ನಿಲ್ಲಿಸುತ್ತದೆ. ಆ ಮಗುವಿನ ಭಾಷೆಯ ಇಪ್ಪತ್ತು ಮೂವತ್ತು ಮಾತುಗಳನ್ನು, ಅಂದರೆ ಬಾ, ಕುಳಿತುಕೋ, ಹಸಿವೇ, ನೋವೇ, ಅಮ್ಮ ಬರುತ್ತಾಳೆ ಎಂಬಂಥವನ್ನು, ಊರಿನ ಅಜ್ಜಿಯೊಬ್ಬರಿಂದ ಕೇಳಿ ಬರೆದುಕೊಂಡು ಕಲಿಯಿರಿ. ಕಥೆ ಹೇಳುವುದನ್ನೂ ಬಿಡದೆ ಅಭ್ಯಾಸ ಮಾಡಬೇಕು. ಪುಸ್ತಕ ಮುಚ್ಚಿಟ್ಟು, ಮಕ್ಕಳ ಮುಖ ನೋಡುತ್ತ, ಅವರು ಮಧ್ಯೆ ಬಾಯಿ ಹಾಕಿದರೆ ಅದನ್ನೂ ಕಥೆಯೊಳಗೆ ಸೇರಿಸಿಕೊಂಡು ಹೇಳಲು ಬರಬೇಕು. ಹದಿನೈದು ಕಥೆಗಳಾದರೂ ನಿಮ್ಮ ನಾಲಿಗೆಯ ಮೇಲಿರಲಿ.

ಆಟಿಕೆಗಳಿಗೆ ಹಣವಿಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಹುಣಸೆಬೀಜ, ತೆಂಗಿನ ಚಿಪ್ಪು, ಹಳೆಯ ಸೀರೆಯ ತುಂಡು, ದಾರ ಮುಗಿದ ಖಾಲಿ ರೀಲು, ಗೋಣಿನಾರು ಇವುಗಳಿಂದ ವಿಂಗಡಿಸುವ, ಎಣಿಸುವ, ಪೋಣಿಸುವ ಎಷ್ಟೋ ಕಲಿಕೆ ನಡೆಯುತ್ತದೆ. ಒಮ್ಮೆ ಒಂದು ಕೇಂದ್ರದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಎರಡು ಲೋಟ ಮತ್ತು ಒಂದು ಹಿಡಿ ಹುಣಸೆಬೀಜ ಹಿಡಿದು, ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಸುರಿಯುತ್ತಿದ್ದಳು. ಒಂದು ಬೀಜ ಹೊರಗೆ ಬಿದ್ದರೆ ನಿಲ್ಲಿಸಿ, ಹುಡುಕಿ ತಂದು ಲೋಟಕ್ಕೆ ಹಾಕಿ, ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದಳು. ತರಬೇತಿಗೆ ಬಂದಿದ್ದವರೊಬ್ಬರು ಹತ್ತಿರ ಹೋಗಿ ‘ಎಷ್ಟಿವೆ ಪುಟ್ಟಿ, ಎಣಿಸು ನೋಡೋಣ’ ಎಂದರು. ಹುಡುಗಿ ಲೋಟ ಕೆಳಗಿಟ್ಟು ಎದ್ದುಹೋದಳು. ಆ ದಿನ ನಮ್ಮ ಗುಂಪು ಸಂಜೆಯವರೆಗೂ ಚರ್ಚಿಸಿದ್ದು ಆ ಒಂದು ಪ್ರಶ್ನೆಯ ಬಗ್ಗೆ. ಯಾವಾಗ ಮಾತನಾಡಬೇಕು ಎನ್ನುವುದಕ್ಕಿಂತ ಯಾವಾಗ ಸುಮ್ಮನಿರಬೇಕು ಎಂಬುದನ್ನು ಕಲಿಯುವುದು ಕಷ್ಟ. ಅಂದಹಾಗೆ, ಇಂಥ ಬೀಜ, ಮಣಿಗಳನ್ನು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಇಡಲೇಬಾರದು.

ಏಕೆಂದರೆ ಗಂಟಲಲ್ಲಿ ಸಿಕ್ಕಿಕೊಂಡ ಒಂದು ಬೀಜ ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಒಂದು ವರ್ಷದೊಳಗಿನ ಕೂಸಾದರೆ ಮುಂಗೈಯ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಎರಡು ಭುಜದ ಎಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ತಟ್ಟಬೇಕು. ಹೊರಬರದಿದ್ದರೆ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ತಟ್ಟಿದ ನಂತರ ಹೊಟ್ಟೆಯ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಒತ್ತುವ ಕ್ರಮವಿದೆ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಬಾರದು, ಅದು ಇನ್ನಷ್ಟು ಒಳಗೆ ಹೋಗುತ್ತದೆ. ಇನ್ನೊಬ್ಬರು 108ಕ್ಕೆ ಕರೆ ಮಾಡುತ್ತಿರಬೇಕು. ಇದನ್ನು ಓದಿ ಕಲಿಯಲಾಗುವುದಿಲ್ಲ. ನಿಮ್ಮ ಕೋರ್ಸಿನಲ್ಲಿ ಗೊಂಬೆಯ ಮೇಲೆ ಮಾಡಿಸದಿದ್ದರೆ, ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಪ್ರತ್ಯೇಕವಾಗಿಯಾದರೂ ಪಡೆಯಿರಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚುವವರು ಈಗಲೂ ಇದ್ದಾರೆ. ಅದಕ್ಕೆ ಮಾಡಬೇಕಾದದ್ದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡುವುದು.

ತೂಕ, ಎತ್ತರ ಅಳೆಯುವುದು ಕೇವಲ ದಾಖಲೆಯ ಕೆಲಸವೆಂದು ತಿಳಿಯಬೇಡಿ. ತೂಕದ ಯಂತ್ರವನ್ನು ಸಮನಾದ ನೆಲದ ಮೇಲಿಟ್ಟು, ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿ, ಸ್ವೆಟರ್, ಚಪ್ಪಲಿ ತೆಗೆಸಿಯೇ ಮಗುವನ್ನು ನಿಲ್ಲಿಸಬೇಕು. ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿಯೂ, ದಾಟಿದ ಮಗುವಿನ ಎತ್ತರವನ್ನು ನಿಲ್ಲಿಸಿಯೂ ಅಳೆಯಬೇಕು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ, ತಡಮಾಡದೆ ಆರೋಗ್ಯ ಸಿಬ್ಬಂದಿಗೆ ತೋರಿಸಬೇಕು. ಅಳತೆ ಒಂದು ಸೆಂಟಿಮೀಟರ್ ತಪ್ಪಿದರೆ ಒಂದು ಮಗು ಪಟ್ಟಿಯಿಂದ ಹೊರಗುಳಿದು ಚಿಕಿತ್ಸೆಯಿಂದಲೂ ಹೊರಗುಳಿಯುತ್ತದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯವನ್ನು ತರಬೇತಿಗಳಲ್ಲಿ ಸಂಕೋಚದಿಂದ ದಾಟಿಸಿಬಿಡುವುದುಂಟು. ಆದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ಕೃತ್ಯ ತಿಳಿದುಬಂದವರು ವರದಿ ಮಾಡಲೇಬೇಕು, ಮಾಡದಿರುವುದು ಶಿಕ್ಷಾರ್ಹ ಅಪರಾಧ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸದೆ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟುಕೊಂಡು, ಪೊಲೀಸರಿಗೆ ಅಥವಾ 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು. ಊರಿನ ಹಿರಿಯರು ‘ನಾವೇ ಕೂತು ಮಾತಾಡಿ ಮುಗಿಸುತ್ತೇವೆ’ ಎಂದರೆ ಒಪ್ಪಬಾರದು.

ಕೆಲಸಕ್ಕೆ ಸೇರುವ ಮುನ್ನ ಮತ್ತು ಸೇರಿದ ಮೇಲೆ

ಗಳಿಕೆಯ ಬಗ್ಗೆ ನೇರವಾಗಿ ಹೇಳಬೇಕು. ಅಂಗನವಾಡಿಯಲ್ಲಿ ಸಿಗುವುದನ್ನು ಸಂಬಳವೆನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. 2018ರ ಅಕ್ಟೋಬರಿನಿಂದ ಕೇಂದ್ರವು ನಿಗದಿಪಡಿಸಿದ ಮೊತ್ತ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ. ಅದರ ಮೇಲೆ ರಾಜ್ಯ ಸರ್ಕಾರ ತನ್ನದನ್ನು ಸೇರಿಸುತ್ತದೆ. ಇಷ್ಟು ದೊಡ್ಡ ಹೊಣೆಗೆ ಇದು ಬಹಳ ಕಡಿಮೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಮುಂದಿನ ದಾರಿ ಮುಚ್ಚಿಲ್ಲ. ಐದು ವರ್ಷ ಸೇವೆ ಮುಗಿಸಿದ ಸಹಾಯಕಿಯರಿಗೆ ಕಾರ್ಯಕರ್ತೆಯರ ಹುದ್ದೆಗಳಲ್ಲಿ, ಕಾರ್ಯಕರ್ತೆಯರಿಗೆ ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಅರ್ಧದಷ್ಟು ಪಾಲನ್ನು ಕೇಂದ್ರದ ಮಾರ್ಗಸೂಚಿ ಮೀಸಲಿಟ್ಟಿದೆ. ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರ್ಯಾಚುಟಿಗೆ, ಅಂದರೆ ಸೇವೆ ಮುಗಿದಾಗ ಸಿಗುವ ಇಡುಗಂಟಿಗೆ, ಅರ್ಹರು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲಿನಲ್ಲಿ ತೀರ್ಪಿತ್ತಿದೆ. ಆದ್ದರಿಂದ ಸೇರಿದ ದಿನದ ಆದೇಶದಿಂದ ಹಿಡಿದು ಪ್ರತಿ ತರಬೇತಿಯ ಪ್ರಮಾಣಪತ್ರದವರೆಗೆ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಪಾನವಾಗಿಡಿ.

ಖಾಸಗಿ ಶಾಲೆಯ ಸಂದರ್ಶನಕ್ಕೆ ಹೋಗುವವರು ತಮ್ಮ ವೀಕ್ಷಣೆಯ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ. ತೋರಿಸುವಾಗ ಮಕ್ಕಳ ಹೆಸರುಗಳನ್ನು ಮರೆಮಾಡಿ. ನೀವೂ ಅವರನ್ನು ಕೇಳಬೇಕಾದ ಪ್ರಶ್ನೆಗಳಿವೆ: ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು, ಹೊರಗೆ ಆಡಲು ಎಷ್ಟು ಹೊತ್ತು, ಮೂರು ವರ್ಷದವರಿಗೆ ಮನೆಗೆಲಸ ಕೊಡುತ್ತೀರಾ, ಶೌಚಾಲಯಕ್ಕೆ ಕರೆದೊಯ್ಯಲು ಆಯಾ ಇದ್ದಾರೆಯೇ?

ಮೊದಲ ಜೂನ್ ತಿಂಗಳು ಎಲ್ಲರಿಗೂ ಕಠಿಣ. ತಾಯಿಯನ್ನು ಬಿಟ್ಟು ಬಂದ ಮಕ್ಕಳೆಲ್ಲ ಒಟ್ಟಿಗೆ ಅಳುವ ಆ ವಾರದಲ್ಲಿ ಪಾಠದ ಯೋಜನೆಯನ್ನು ಬದಿಗಿಡಿ. ತಾಯಿಗೆ ಕದ್ದು ಹೋಗಲು ಹೇಳಬೇಡಿ. ‘ಮಧ್ಯಾಹ್ನ ಊಟ ಆದ ಮೇಲೆ ಬರುತ್ತೇನೆ’ ಎಂದು ಮಗುವಿಗೆ ಹೇಳಿಯೇ ಹೋಗಲಿ, ಹೇಳಿದ ಹೊತ್ತಿಗೆ ತಪ್ಪದೆ ಬರಲಿ. ಮನೆಯಿಂದ ಅಮ್ಮನ ಹಳೆಯ ಸೆರಗಿನ ತುಂಡನ್ನೋ ಮಗು ಮಲಗುವಾಗ ಹಿಡಿದುಕೊಳ್ಳುವ ಬಟ್ಟೆಯನ್ನೋ ತರಿಸಿಡಿ. ಅತಿ ಹೆಚ್ಚು ಅಳುವ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು, ಅಳಬೇಡ ಎನ್ನದೆ, ಅಮ್ಮ ಈಗ ಯಾವ ದಾರಿಯಲ್ಲಿ ಹೋಗುತ್ತಿರಬಹುದು, ಬಸ್ಸು ಹತ್ತಿರಬಹುದೇ, ಹೊಲ ತಲುಪಿರಬಹುದೇ ಎಂದು ಮೆಲ್ಲಗೆ ಮಾತಿಗೆಳೆಯಿರಿ. ಅಳುತ್ತಲೇ ಅದು ‘ಇಲ್ಲ, ಇನ್ನೂ ಹಳ್ಳದ ಹತ್ತಿರ ಇದ್ದಾಳೆ’ ಎಂದು ನಿಮ್ಮನ್ನು ತಿದ್ದುತ್ತದೆ.